ಮೊದಲು ಉಪ್ಪಿನದು, ಆಮೇಲೆ ಸಿಹಿ: ಫ್ರಾನ್ಸಿನ ಪುಟ್ಟ ಕ್ರೆಪರಿಯಲ್ಲಿ ಊಟ

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. 2030ರ ಹೊತ್ತಿಗೆ ಭಾರತದ 30,000 ವಿದ್ಯಾರ್ಥಿಗಳು ತನ್ನಲ್ಲಿಗೆ ಓದಲು ಬರಬೇಕು ಎಂಬ ಗುರಿಯನ್ನು ಫ್ರಾನ್ಸ್ 2023ರಲ್ಲಿ ಹಾಕಿಕೊಂಡಿತು. ಓದಲು ಹೋಗುವ ಮಕ್ಕಳು, ಅವರನ್ನು ಬಿಟ್ಟು ಬರಲು ಜೊತೆಗೆ ಹೋಗುವ ಅಪ್ಪ ಅಮ್ಮ, ಹತ್ತು ದಿನದ ಪ್ರವಾಸಕ್ಕೆ ಹೊರಟವರು, ಎಲ್ಲರಿಗೂ ಅಲ್ಲಿ ಇಳಿದ ಮೊದಲ ದಿನವೇ ಎದುರಾಗುವುದು ಊಟದ ಪ್ರಶ್ನೆ. ಏನು ತಿನ್ನೋದು? ಎಲ್ಲಿ ತಿನ್ನೋದು? ಎಷ್ಟಾಗುತ್ತೆ?

ಫ್ರೆಂಚ್ ಊಟ ಅಂದರೆ ಬಿಳಿ ಬಟ್ಟೆ ಹಾಸಿದ ಮೇಜು, ಸಾಲಾಗಿ ಜೋಡಿಸಿದ ಚಮಚ, ನೋಡಿದರೆ ಎದೆ ಧಸಕ್ಕೆನ್ನುವ ಬಿಲ್ಲು ಎಂದುಕೊಂಡವರಿಗೆ ನಾನು ಮೊದಲು ಹೇಳುವುದು ಕ್ರೆಪರಿಯ ಹೆಸರನ್ನೇ. ಹತ್ತು ಹದಿನೈದು ಮೇಜಿನ ಪುಟ್ಟ ಜಾಗ. ಬೆಲೆ ಕೈಗೆಟುಕುವಷ್ಟು. ಊರಿನ ಜನರೇ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಆದರೆ ಒಳಗೆ ಹೋಗಿ ಕೂತ ಮೇಲೆ ಕೈಗೆ ಬರುವ ಪಟ್ಟಿ ಮಾತ್ರ ಹೊಸಬರಿಗೆ ಒಗಟು. ಒಂದು ಕಡೆ ಗಲೆತ್, ಇನ್ನೊಂದು ಕಡೆ ಕ್ರೆಪ್. ಸೈಡರ್ ಎಂಬ ಸೇಬಿನ ಪಾನೀಯದಲ್ಲೇ ಮೂರು ಬಗೆ. ಪಕ್ಕದ ಮೇಜಿನವರು ಕುಡಿಯುತ್ತಿರುವುದು ಲೋಟದಲ್ಲಲ್ಲ, ಮಣ್ಣಿನ ಬಟ್ಟಲಲ್ಲಿ. ಇದೆಲ್ಲ ಸುಮ್ನೆ ಬಂದ ಪದ್ಧತಿಯಲ್ಲ. ಮೇಜಿನ ಮೇಲಿನ ಒಂದೊಂದು ಪದಾರ್ಥದ ಹಿಂದೆಯೂ ಒಂದು ಕಾರಣ ಇದೆ. ಆ ಕಾರಣಗಳನ್ನೆಲ್ಲ ಹುಡುಕುತ್ತಾ ಹೋದರೆ ಫ್ರಾನ್ಸಿನ ಒಂದೇ ಒಂದು ಮೂಲೆಗೆ ತಲುಪುತ್ತೇವೆ.

ಕ್ರೆಪರಿ ಅಂದರೆ ಯಾವ ಥರದ ಹೋಟೆಲು?

ಆ ಮೂಲೆಯ ಹೆಸರು ಬ್ರಿಟನಿ. ಫ್ರೆಂಚರು ಬ್ರೆತಾನ್ಯ ಅನ್ನುತ್ತಾರೆ. ಫ್ರಾನ್ಸಿನ ನಕಾಶೆ ನೋಡಿದರೆ ಪಶ್ಚಿಮಕ್ಕೆ ಸಮುದ್ರದೊಳಗೆ ಚಾಚಿಕೊಂಡ ನೆಲ ಕಾಣುತ್ತದಲ್ಲ, ಅದೇ. ಈ ನಾಡಿಗೆ ಬ್ರೆತೋನ್ ಎಂಬ ಸ್ವಂತ ಭಾಷೆ ಇದೆ. ಅದು ಫ್ರೆಂಚಿನ ಕುಟುಂಬದ್ದೇ ಅಲ್ಲ, ಬ್ರಿಟನ್ನಿನ ವೇಲ್ಸ್ ಸೀಮೆಯ ಭಾಷೆಗೆ ಹತ್ತಿರದ ನೆಂಟ. ಮೊದಲು ಇದು ಬೇರೆಯೇ ಆಳ್ವಿಕೆಯಲ್ಲಿತ್ತು. ಫ್ರಾನ್ಸಿನ ಜೊತೆ ಅಧಿಕೃತವಾಗಿ ಸೇರಿದ್ದು 1532ರಲ್ಲಿ.

ಕ್ರೆಪರಿ ಈ ಬ್ರಿಟನಿಯ ಮನೆಯೂಟ ಬಡಿಸುವ ಜಾಗ. ಅಲ್ಲಿ ಮುಖ್ಯವಾಗಿ ಸಿಗುವುದು ಎರಡೇ ಪದಾರ್ಥ. ಒಂದು ಗಲೆತ್: ಬಕ್‌ವೀಟ್ ಎಂಬ ಕಾಳಿನ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿ ಮಾಡಿದ್ದು, ಕಂದು ಬಣ್ಣದ್ದು, ಒಳಗೆ ಉಪ್ಪುಖಾರದ ಕಡೆಯ ಹೂರಣ ಇರುವಂಥದ್ದು. ಇನ್ನೊಂದು ಕ್ರೆಪ್: ಗೋಧಿಯ ಬಿಳಿ ಹಿಟ್ಟು, ಹಾಲು, ಮೊಟ್ಟೆ ಹಾಕಿ ಮಾಡಿದ್ದು, ತೆಳುವಾಗಿ ಮೆತ್ತಗೆ ಇರುವಂಥದ್ದು, ಸಿಹಿ. ಊಟಕ್ಕೆ ಮೊದಲು ಗಲೆತ್, ಕೊನೆಗೆ ಕ್ರೆಪ್. ಇಷ್ಟು ತಿಳಿದರೆ ಅರ್ಧ ಪಟ್ಟಿ ಓದಿದ ಹಾಗೆ.

ಒಂದು ಗೊಂದಲ ಮಾತ್ರ ಇದೆ. ರೆನ್, ಸೆಂ ಮಾಲೋ ಇರುವ ಪೂರ್ವ ಬ್ರಿಟನಿಯಲ್ಲಿ ಬಕ್‌ವೀಟಿನದಕ್ಕೆ ಗಲೆತ್ ಅಂತಾರೆ. ತುದಿಯಲ್ಲಿರುವ ಫಿನಿಸ್ತೇರ್ ಜಿಲ್ಲೆಯ ಕಡೆ ಹೋದರೆ ಅದಕ್ಕೂ ಕ್ರೆಪ್ ಅಂತಲೇ ಅನ್ನುತ್ತಾರೆ, ಹಿಂದೆ ಮುಂದೆ ಹಿಟ್ಟಿನ ಹೆಸರು ಸೇರಿಸುತ್ತಾರೆ ಅಷ್ಟೆ. ಅಲ್ಲಿನದು ಇನ್ನೂ ತೆಳು, ಅಂಚು ಗರಿಗರಿ. ಹೆಸರು ನೋಡಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಹಿಟ್ಟು ಯಾವುದು ಎಂದು ನೋಡುವುದು ಸುಲಭ. ಪಟ್ಟಿಯಲ್ಲಿ ‘ಸರಾಜಾಂ’ ಅಥವಾ ‘ಬ್ಲೆ ನ್ವಾರ್’ ಎಂದಿದ್ದರೆ ಬಕ್‌ವೀಟ್. ‘ಫ್ರೊಮಾಂ’ ಎಂದಿದ್ದರೆ ಗೋಧಿ.

ಗೋಧಿಯ ಕುಲಕ್ಕೇ ಸೇರದ ಬಕ್‌ವೀಟ್

ಬಕ್‌ವೀಟ್ ಎಂಬ ಹೆಸರಲ್ಲಿ ವೀಟ್ ಇದ್ದರೂ ಇದು ಗೋಧಿಯ ಸಂಬಂಧಿಯಲ್ಲ. ಹುಲ್ಲಿನ ಜಾತಿಯ ಧಾನ್ಯವೂ ಅಲ್ಲ. ಅಗಲ ಎಲೆಯ ಪುಟ್ಟ ಗಿಡ. ಬಿಳಿ ಹೂ ಬಿಡುತ್ತದೆ. ಜೇನುಹುಳುಗಳಿಗೆ ಆ ಹೂ ಅಚ್ಚುಮೆಚ್ಚು. ಕಾಳು ಮೂರು ಮೂಲೆಯದು, ಸಿಪ್ಪೆ ಕಡುಕಂದು. ಬೀಸಿದರೆ ಬೂದು ಬಣ್ಣದ, ಚಿಕ್ಕ ಚಿಕ್ಕ ಕಪ್ಪು ಚುಕ್ಕಿಯ ಹಿಟ್ಟು ಸಿಗುತ್ತದೆ. ಉತ್ತರ ಭಾರತದಲ್ಲಿ ನವರಾತ್ರಿ ಉಪವಾಸದಲ್ಲಿ ತಿನ್ನುವ ಕುಟ್ಟು ಹಿಟ್ಟು ಇದೇ. ಹಿಮಾಲಯದ ತಪ್ಪಲಲ್ಲಿ ಇದನ್ನು ಬೆಳೆಯುತ್ತಾರೆ. ಕರ್ನಾಟಕದ ಅಡುಗೆಮನೆಗೆ ಇದರ ಪರಿಚಯ ಕಡಿಮೆ.

ಹುಟ್ಟಿದ್ದು ಚೀನಾದ ಕಡೆ. ಯುರೋಪಿಗೆ ಬಂದಿದ್ದು ಮಧ್ಯಯುಗದ ಕೊನೆಯ ಹೊತ್ತಿಗೆ. ಬ್ರಿಟನಿಯಲ್ಲಿ ಇದನ್ನು ಬೆಳೆಯಲು ಪ್ರೋತ್ಸಾಹ ಕೊಟ್ಟವಳು ಅಲ್ಲಿನ ಡಚೆಸ್, ಅಂದರೆ ಆ ನಾಡಿನ ಒಡತಿ, ಆನ್ ಎಂದು ಜನ ಹೇಳಿಕೊಂಡು ಬಂದಿದ್ದಾರೆ. 1477ರಲ್ಲಿ ಹುಟ್ಟಿ 1514ರಲ್ಲಿ ತೀರಿಕೊಂಡ ಈಕೆ ಒಬ್ಬರಾದ ಮೇಲೆ ಒಬ್ಬರಂತೆ ಫ್ರಾನ್ಸಿನ ಇಬ್ಬರು ರಾಜರನ್ನು ಮದುವೆಯಾದವಳು. ಬ್ರಿಟನಿಯ ಜನ ಇಂದಿಗೂ ಆಕೆಯನ್ನು ಅಭಿಮಾನದಿಂದ ನೆನೆಯುತ್ತಾರೆ.

ರಾಣಿಯ ಪ್ರೋತ್ಸಾಹಕ್ಕಿಂತ ದೊಡ್ಡ ಕಾರಣ ಮಣ್ಣು. ಬ್ರಿಟನಿಯ ಬಹುಪಾಲು ನೆಲದ ಕೆಳಗೆ ಗಟ್ಟಿ ಕಲ್ಲು. ಮೇಲಿನ ಮಣ್ಣು ಹುಳಿ, ಸಾರ ಕಡಿಮೆ. ಮಳೆ ಜಾಸ್ತಿ. ಗೋಧಿಗೆ ಇಂಥ ನೆಲ ಒಗ್ಗುವುದಿಲ್ಲ. ಬಕ್‌ವೀಟಿಗೆ ಒಗ್ಗುತ್ತದೆ. ಮೇ ಕೊನೆ ಅಥವಾ ಜೂನ್‌ನಲ್ಲಿ ಬಿತ್ತಿದರೆ ಸುಮಾರು 100 ದಿನದಲ್ಲಿ ಬೆಳೆ ಕೈಗೆ ಬರುತ್ತದೆ. ಗೊಬ್ಬರ ಬೇಕೇ ಬೇಕು ಎನ್ನುವುದಿಲ್ಲ. ಬೇಗ ಬೆಳೆದು ಕಳೆಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಗೋಧಿಯ ಬ್ರೆಡ್ಡು ಕೊಳ್ಳಲಾಗದ ಬಡ ರೈತರ ಹೊಟ್ಟೆ ತುಂಬಿಸಿದ್ದು ಇದೇ.

ಆದರೆ ಬಕ್‌ವೀಟಿನಲ್ಲಿ ಗ್ಲುಟೆನ್ ಇಲ್ಲ. ಗ್ಲುಟೆನ್ ಅಂದರೆ ಗೋಧಿ ಹಿಟ್ಟು ನಾದಿದಾಗ ರಬ್ಬರಿನಂತೆ ಎಳೆಯಲು ಬರುವಂತೆ ಮಾಡುವ ಪ್ರೋಟೀನು. ಬ್ರೆಡ್ಡು ಉಬ್ಬಿ ನಿಲ್ಲುವುದು ಅದರ ಬಲದಿಂದ. ಅದಿಲ್ಲದ ಹಿಟ್ಟಿನಲ್ಲಿ ಬ್ರೆಡ್ಡು ಸರಿಯಾಗಿ ಏಳುವುದಿಲ್ಲ. ಅದನ್ನು ನೀರಿನಲ್ಲಿ ಕಲಸಿ ಕಾದ ಲೋಹದ ಮೇಲೆ ಹರಡಿ ಬೇಯಿಸುವುದೇ ದಾರಿ. ಗಲೆತ್ ತೆಳ್ಳಗೆ, ಚಪ್ಪಟೆಯಾಗಿ ಇರುವುದು ಅಂದಕ್ಕೆ ಅಂತಲ್ಲ. ಆ ಹಿಟ್ಟಿನಿಂದ ಆಗುವುದೇ ಅಷ್ಟು.

ಇಪ್ಪತ್ತನೇ ಶತಮಾನದಲ್ಲಿ ಗೋಧಿ, ಮೆಕ್ಕೆಜೋಳ ಬಂದು ಬ್ರಿಟನಿಯ ಹೊಲಗಳಿಂದ ಬಕ್‌ವೀಟ್ ಬಹಳ ಮಟ್ಟಿಗೆ ಹಿಂದೆ ಸರಿಯಿತು. ಗಲೆತ್ ತಿನ್ನುವವರು ಮಾತ್ರ ಕಡಿಮೆಯಾಗಲಿಲ್ಲ. ಈಗ ಹೊರದೇಶಗಳಿಂದಲೂ ಬಕ್‌ವೀಟ್ ತರಿಸಿಕೊಳ್ಳುತ್ತಾರೆ. ಬ್ರಿಟನಿಯಲ್ಲೇ ಬೆಳೆದು ಬೀಸಿದ ಹಿಟ್ಟಿಗೆ 2010ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಇರುವುದೂ ಇಂಥದೇ ಗುರುತು. ಕ್ರೆಪರಿಯ ಬಾಗಿಲಲ್ಲಿ ಇಂಥ ಹಿಟ್ಟು ಬಳಸುತ್ತೇವೆ ಎಂದು ಬರೆದಿದ್ದರೆ ಅದು ಹೆಮ್ಮೆಯಿಂದ ಬರೆದ ಮಾತು. ಅಲ್ಲಿ ಹೋಗಿ ಕೂರಬಹುದು.

ದೋಸೆಯ ಹಾಗೆ ಕಾಣುತ್ತೆ, ಆದರೆ…

ಕ್ರೆಪ್ ಅಂದರೆ ಫ್ರೆಂಚ್ ದೋಸೆ ಎಂದು ಬಹಳ ಜನ ಹೇಳಿಬಿಡುತ್ತಾರೆ. ಕಾವಲಿಯ ಮೇಲೆ ದುಂಡಗೆ ಹರಡುವುದು ನಿಜ. ಅಲ್ಲಿಂದಾಚೆಗೆ ದಾರಿ ಬೇರೆ. ಎಲ್ಲಿ ಬೇರೆ ಎಂದು ನೋಡಿದರೆ ಗಲೆತ್ ಹೇಗಾಗುತ್ತದೆ ಎಂಬುದೇ ಅರ್ಥವಾಗುತ್ತದೆ.

ದೋಸೆಯ ಗುಟ್ಟು ಉದ್ದಿನಬೇಳೆ ಮತ್ತು ಹುಳಿ ಬರುವುದು. ರಾತ್ರಿಯಿಡೀ ಹುಳಿ ಬಂದ ಹಿಟ್ಟಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಡುತ್ತದೆ. ಗಲೆತ್‌ನಲ್ಲಿ ಬೇಳೆ ಇಲ್ಲ. ಹಳೆಯ ಕ್ರಮದ ಹಿಟ್ಟಿಗೆ ಬೇಕಾದ್ದು ಬಕ್‌ವೀಟ್, ನೀರು, ಉಪ್ಪು ಮೂರೇ. ಕೆಲವರು ಬಣ್ಣಕ್ಕೆಂದು ಒಂದು ಮೊಟ್ಟೆ ಹಾಕುತ್ತಾರೆ. ಕಲಸಿದ ಮೇಲೆ ಒಂದೆರಡು ಗಂಟೆಯಾದರೂ ಬಿಡಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಇದು ಹುಳಿ ಬರಲಿ ಅಂತಲ್ಲ. ಹಿಟ್ಟು ನೀರನ್ನು ಚೆನ್ನಾಗಿ ಕುಡಿಯಬೇಕು. ಕುಡಿದರೆ ಹಿಟ್ಟಿಗೆ ಸ್ವಲ್ಪ ಅಂಟು ಬರುತ್ತದೆ. ಗ್ಲುಟೆನ್ ಇಲ್ಲದ ಗಲೆತ್ ಹರಿದು ತುಂಡಾಗದೆ ನಿಲ್ಲುವುದು ಈ ಅಂಟಿನಿಂದ.

ಬೇಯಿಸುವ ಕಬ್ಬಿಣದ ಕಾವಲಿಗೆ ಬ್ರೆತೋನ್ ಭಾಷೆಯಲ್ಲಿ ಬಿಲಿಗ್ ಎನ್ನುತ್ತಾರೆ. ದಪ್ಪ ಎರಕದ ಕಬ್ಬಿಣ. ಅಂಚು ಎದ್ದಿರುವುದಿಲ್ಲ, ಪೂರ್ತಿ ಚಪ್ಪಟೆ. ಕ್ರೆಪರಿಗಳಲ್ಲಿ ಸುಮಾರು 40 ಸೆಂಟಿಮೀಟರ್ ಅಗಲದ್ದು ಸಾಮಾನ್ಯ. ಮೊದಲು ಒಲೆಯ ಬೆಂಕಿಯ ಮೇಲೆ ಇಡುತ್ತಿದ್ದರು. ಈಗ ಗ್ಯಾಸಿನದು, ಕರೆಂಟಿನದು ಬಂದಿವೆ. ಇವನ್ನು ಮಾಡುವುದರಲ್ಲಿ ಹೆಸರಾದ ಕ್ರಾಂಪೂಜ್ ಕಂಪನಿ ಬ್ರಿಟನಿಯಲ್ಲೇ 1949ರಲ್ಲಿ ಶುರುವಾದದ್ದು.

ನಾವು ಸೌಟಿನ ತಳದಿಂದ ನಡುವಿನಿಂದ ಹೊರಕ್ಕೆ ಹಿಟ್ಟು ಹರಡುತ್ತೇವೆ. ಅಲ್ಲಿ ಹಾಗಲ್ಲ. ಹಿಡಿಯ ತುದಿಗೆ ಅಡ್ಡ ಕಡ್ಡಿ ಜೋಡಿಸಿದ ಒಂದು ಮರದ ಉಪಕರಣ ಇದೆ, ಹೆಸರು ರೊಜೆಲ್. ಹಿಟ್ಟು ಸುರಿದು ಅದರ ಮೇಲೆ ರೊಜೆಲನ್ನು ಒತ್ತದೆ, ಹಗುರವಾಗಿ ಸುತ್ತು ತಿರುಗಿಸಬೇಕು. ಕೈ ಭಾರವಾದರೆ ಹಿಟ್ಟು ಕಿತ್ತು ಬರುತ್ತದೆ. ಕಾವು 200 ಡಿಗ್ರಿಗೂ ಜಾಸ್ತಿ ಇರುವುದರಿಂದ ಯೋಚಿಸಲು ಸಮಯವೇ ಇರುವುದಿಲ್ಲ. ನೀರು ಕಬ್ಬಿಣಕ್ಕೆ ತಾಗಿದ ಕೂಡಲೇ ಆವಿಯಾಗಿ ಹಿಟ್ಟನ್ನು ಸೀಳಿಕೊಂಡು ಮೇಲೇಳುತ್ತದೆ. ಆಗ ಬೀಳುವ ಸಣ್ಣ ಸಣ್ಣ ತೂತುಗಳೇ ಒಳ್ಳೆಯ ಗಲೆತ್‌ನ ಗುರುತು. ಎಬ್ಬಿಸಲು, ತಿರುವಿ ಹಾಕಲು, ಮಡಚಲು ಉದ್ದನೆಯ ಮರದ ಸಟ್ಟುಗ. ಅದಕ್ಕೆ ಸ್ಪನೆಲ್ ಎನ್ನುತ್ತಾರೆ.

ಬಹಳಷ್ಟು ಕ್ರೆಪರಿಗಳಲ್ಲಿ ಬಿಲಿಗ್ ಗಿರಾಕಿಗಳಿಗೆ ಕಾಣುವಂತೆಯೇ ಇರುತ್ತದೆ. ಜಾಗ ಸಿಕ್ಕರೆ ಅದರ ಹತ್ತಿರದ ಮೇಜೇ ಹಿಡಿಯಿರಿ. ಬೆಣ್ಣೆ ಸವರಿ, ಮೊಟ್ಟೆ ಒಡೆದು, ಬಿಳಿಯ ಭಾಗವನ್ನಷ್ಟೇ ಸ್ಪನೆಲ್‌ನಿಂದ ಅಗಲಕ್ಕೆ ಎಳೆದು, ಚೀಸ್ ಉದುರಿಸಿ, ನಾಲ್ಕೂ ಬದಿಯನ್ನು ಒಳಕ್ಕೆ ಮಡಚಿ ಚೌಕ ಮಾಡುತ್ತಾರೆ. ಹಳದಿ ಭಂಡಾರ ನಡುವಿನ ಕಿಟಕಿಯಲ್ಲಿ ಇಣುಕುತ್ತಿರುತ್ತದೆ. ಎಷ್ಟು ಹೊತ್ತು ನೋಡಿದರೂ ಬೇಸರ ಬರದ ಕೆಲಸ ಅದು.

ಇನ್ನು ಸಿಹಿ ಕ್ರೆಪ್. ಇದಕ್ಕೆ 250 ಗ್ರಾಂ ಹಿಟ್ಟಿಗೆ ಅರ್ಧ ಲೀಟರ್ ಹಾಲು, ಎರಡು ಮೂರು ಮೊಟ್ಟೆ ಎಂಬುದು ಮನೆಮನೆಯ ಅಳತೆ. ಗ್ಲುಟೆನ್ನೂ ಮೊಟ್ಟೆಯೂ ಸೇರಿ ಹಿಡಿದಿಡುವುದರಿಂದ ಇದು ಬಟ್ಟೆಯ ಹಾಗೆ ಮಡಚಲು ಬರುತ್ತದೆ. ಕಾವು ಸ್ವಲ್ಪ ಕಡಿಮೆ ಸಾಕು. ಫ್ರಾನ್ಸಿನಲ್ಲಿ ಫೆಬ್ರವರಿ 2 ಕ್ರೆಪ್ ತಿನ್ನುವ ಹಬ್ಬದ ದಿನ. ಶಾಂಡ್‌ಲರ್ ಎನ್ನುತ್ತಾರೆ. ಕ್ರಿಸ್‌ಮಸ್ ಆಗಿ ನಲವತ್ತು ದಿನಕ್ಕೆ ಬರುತ್ತದೆ. ಒಂದು ಕೈಯಲ್ಲಿ ನಾಣ್ಯ ಹಿಡಿದು, ಇನ್ನೊಂದು ಕೈಯಿಂದ ಬಾಣಲೆಯ ಕ್ರೆಪ್ ಅನ್ನು ಗಾಳಿಗೆ ಹಾರಿಸಿ ಕೆಳಗೆ ಬೀಳದಂತೆ ಹಿಡಿದರೆ ವರ್ಷವಿಡೀ ಕೈಯಲ್ಲಿ ಕಾಸಿರುತ್ತದೆ ಎಂದು ನಂಬಿಕೆ. ಆ ದಿನ ಬ್ರಿಟನಿಯಲ್ಲಿ ಮಾತ್ರವಲ್ಲ, ದೇಶದ ಎಲ್ಲ ಕಡೆ ಮನೆಗಳಲ್ಲಿ ಕ್ರೆಪ್ ಆಗುತ್ತದೆ.

ಬೆಣ್ಣೆಯಲ್ಲಿ ಉಪ್ಪು ಯಾಕೆ?

ಸಿಹಿ ಕ್ರೆಪ್‌ನ ಬೆಣ್ಣೆ ಬಾಯಿಗೆ ಉಪ್ಪುಪ್ಪು ಎನ್ನಿಸಿದರೆ ಗಾಬರಿಯಾಗಬೇಡಿ. ಬ್ರಿಟನಿಯಲ್ಲಿ ಬೆಣ್ಣೆ ಅಂದರೆ ಉಪ್ಪು ಹಾಕಿದ ಬೆಣ್ಣೆಯೇ. ಫ್ರಾನ್ಸಿನ ಉಳಿದ ಕಡೆ ಸಪ್ಪೆ ಬೆಣ್ಣೆಯ ಬಳಕೆ ಜಾಸ್ತಿ. ಇದರ ಹಿಂದೆ ಇರುವುದು ಒಂದು ತೆರಿಗೆ.

ಹಿಂದೆ ಫ್ರಾನ್ಸಿನ ರಾಜರು ಉಪ್ಪಿನ ಮೇಲೆ ಗಬೆಲ್ ಎಂಬ ತೆರಿಗೆ ಹಾಕುತ್ತಿದ್ದರು. ಊರಿಂದೂರಿಗೆ ಅದು ಬೇರೆ ಬೇರೆ. ಕೆಲವು ಪ್ರಾಂತ್ಯಗಳಲ್ಲಿ ಉಪ್ಪು ವಿಪರೀತ ದುಬಾರಿ. ಜನ ಬೆಣ್ಣೆಗೆ ಉಪ್ಪು ಹಾಕುವುದನ್ನೇ ಬಿಟ್ಟರು. ಬ್ರಿಟನಿಗೆ ಈ ತೆರಿಗೆಯಿಂದ ವಿನಾಯಿತಿ ಇತ್ತು. ಜೊತೆಗೆ ಹತ್ತಿರದಲ್ಲೇ ಗೆರಾಂದ್‌ನ ಉಪ್ಪಿನ ಗದ್ದೆಗಳು. ಉಪ್ಪು ಅಗ್ಗ, ಬೆಣ್ಣೆ ಕೆಡದೆ ಉಳಿಯಬೇಕು, ಹಾಕಿದರು. ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ, 1790ರಲ್ಲಿ, ಗಬೆಲ್ ರದ್ದಾಯಿತು. ನಾಲಿಗೆಯ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಈಗ ಬೆಂಗಳೂರಿನ ಐಸ್‌ಕ್ರೀಮ್ ಅಂಗಡಿಗಳಲ್ಲೂ ಸಿಗುವ ಸಾಲ್ಟೆಡ್ ಕ್ಯಾರಮೆಲ್‌ಗೂ ಈ ಬೆಣ್ಣೆಗೂ ಸಂಬಂಧ ಇದೆ. ಬ್ರಿಟನಿಯ ಕಿಬೆರೋಂ ಎಂಬ ಕಡಲತೀರದ ಊರಿನಲ್ಲಿ ಆಂರಿ ಲೆ ರೂ ಎಂಬ ಮಿಠಾಯಿ ತಯಾರಕರು 1977ರಲ್ಲಿ ಉಪ್ಪಿನ ಬೆಣ್ಣೆಯ ಕ್ಯಾರಮೆಲ್ ಮಾಡಿ ಹೆಸರಾದರು. ಕ್ರೆಪರಿಯ ಸಿಹಿ ಪಟ್ಟಿಯಲ್ಲಿ ‘ಕರಾಮೆಲ್ ಬೋರ್ ಸಲೆ’ ಎಂದಿದ್ದರೆ ಇದೇ. ಒಂದೇ ಸಿಹಿ ತಿನ್ನುವಷ್ಟು ಹೊಟ್ಟೆಯಲ್ಲಿ ಜಾಗ ಇದ್ದರೆ ನಾನು ಇದನ್ನೇ ಆರಿಸಿ ಎನ್ನುತ್ತೇನೆ.

ಬಟ್ಟಲಿನ ಸೈಡರ್, ಗೊತ್ತಿರುವ ಮಜ್ಜಿಗೆ

ಫ್ರಾನ್ಸ್ ಅಂದರೆ ದ್ರಾಕ್ಷಿಯ ವೈನು. ಬ್ರಿಟನಿಯ ಬಹುಪಾಲು ಊರುಗಳಲ್ಲಿ ಮಾತ್ರ ಚಳಿ, ಮಳೆ ಜಾಸ್ತಿ. ದ್ರಾಕ್ಷಿಗಿಂತ ಸೇಬು ಚೆನ್ನಾಗಿ ಬರುತ್ತದೆ. ಆದ್ದರಿಂದ ಗಲೆತ್ ಜೊತೆಗೆ ಸೇಬಿನ ರಸ ಹುಳಿಸಿದ ಸೈಡರ್. ಇದರಲ್ಲಿ ಮದ್ಯದ ಅಂಶ ಇದೆ ಎಂಬುದು ಮೊದಲು ಗೊತ್ತಿರಲಿ, ಯಾಕೆಂದರೆ ನೋಡಲು ಜ್ಯೂಸಿನ ಹಾಗೇ ಇರುತ್ತದೆ. ‘ದೂ’ ಎಂದಿದ್ದರೆ ಸಿಹಿ, ಮದ್ಯದ ಅಂಶ ಶೇಕಡಾ 3ರ ಒಳಗೆ. ‘ಬ್ರೂತ್’ ಎಂದಿದ್ದರೆ ಸಿಹಿ ಕಡಿಮೆ, ಮದ್ಯ ಶೇಕಡಾ 5ರ ಆಸುಪಾಸು. ‘ದೆಮಿ ಸೆಕ್’ ಇವೆರಡರ ನಡುವಿನದು. ಕೊಡುವುದು ಬೋಲೆ ಎಂಬ ಮಣ್ಣಿನ ಬಟ್ಟಲಲ್ಲಿ.

ಮದ್ಯ ಬೇಡ ಎನ್ನುವವರು ಸೇಬಿನ ರಸ, ಅಂದರೆ ‘ಜ್ಯು ದ ಪಾಮ್’ ಕೇಳಬಹುದು. ಇಲ್ಲವೇ ‘ಲೆ ರಿಬೋ’ ಕೇಳಿ. ಇದು ಬೆಣ್ಣೆ ಕಡೆದು ತೆಗೆದ ಮೇಲೆ ಉಳಿಯುವ ಹುಳಿ ಮಜ್ಜಿಗೆ. ಈಗ ಅಂಗಡಿಯಲ್ಲಿ ಸಿಗುವುದು ಸ್ವಲ್ಪ ಗಟ್ಟಿ. ಇಂಗು, ಕರಿಬೇವು ಇರುವುದಿಲ್ಲ ಅಷ್ಟೆ. ಬ್ರಿಟನಿಯ ಹಳ್ಳಿಗಳಲ್ಲಿ ಹಿಂದಿನವರು ಗಲೆತ್ ಅನ್ನು ಇದರ ಜೊತೆಗೇ ತಿನ್ನುತ್ತಿದ್ದರು. ದೂರದ ಊರಿನಲ್ಲಿ ಊಟದ ಜೊತೆ ಮಜ್ಜಿಗೆ ಸಿಗುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಪ್ಯಾರಿಸ್‌ನ ಒಂದೇ ಬೀದಿಯಲ್ಲಿ ಸಾಲು ಕ್ರೆಪರಿ

ಬ್ರಿಟನಿಯವರೆಗೆ ಹೋಗಲಾಗದವರಿಗೆ ಪ್ಯಾರಿಸ್‌ನಲ್ಲೇ ಒಂದು ಜಾಗ ಇದೆ. ಮೋಂಪಾರ್ನಾಸ್ ರೈಲು ನಿಲ್ದಾಣದಿಂದ ಸ್ವಲ್ಪ ನಡೆದರೆ ಅದೇ ಹೆಸರಿನ ಬೀದಿ. ಅಲ್ಲೂ ಪಕ್ಕದ ಒಡೆಸ್ಸಾ ಬೀದಿಯಲ್ಲೂ ಒಂದರ ಪಕ್ಕ ಒಂದು ಕ್ರೆಪರಿ. ಬ್ರಿಟನಿಯ ಕಡೆಯಿಂದ ಬರುವ ರೈಲುಗಳು ನಿಲ್ಲುವುದು ಇದೇ ನಿಲ್ದಾಣದಲ್ಲಿ. ಪ್ಯಾರಿಸ್‌ನಿಂದ ರೆನ್‌ವರೆಗೆ ರೈಲು ಬಂದಿದ್ದು 1857ರಲ್ಲಿ, ಬ್ರೆಸ್ತ್‌ವರೆಗೆ 1865ರಲ್ಲಿ. ಆಮೇಲೆ ಕೆಲಸ ಹುಡುಕಿಕೊಂಡು ಸಾವಿರಾರು ಜನ ಹಳ್ಳಿ ಬಿಟ್ಟು ಬಂದರು. ಹೆಣ್ಣುಮಕ್ಕಳು ಮನೆಗೆಲಸಕ್ಕೆ, ಗಂಡಸರು ಕೂಲಿಗೆ. ರೈಲಿಳಿದ ಜಾಗದ ಸುತ್ತಲೇ ನೆಲೆಸಿದರು. ತಮ್ಮ ಊಟವನ್ನೂ ಅಲ್ಲೇ ಶುರುಮಾಡಿದರು.

ಈಗ 2017ರಿಂದ ಹೊಸ ವೇಗದ ಮಾರ್ಗ ಆಗಿರುವುದರಿಂದ ಅದೇ ನಿಲ್ದಾಣದಿಂದ ರೆನ್‌ಗೆ ಸುಮಾರು ಒಂದೂವರೆ ಗಂಟೆ ಸಾಕು. ಶನಿವಾರ ಬೆಳಿಗ್ಗೆ ಹೋದರೆ ಅಲ್ಲಿನ ಲಿಸ್ ಸಂತೆ ಸಿಗುತ್ತದೆ. ಆ ಊರಿನ ಜನ ಸಂತೆಯಲ್ಲಿ, ಫುಟ್‌ಬಾಲ್ ಪಂದ್ಯದಲ್ಲಿ ಕೈಯಲ್ಲಿ ಹಿಡಿದು ತಿನ್ನುವುದು ಗಲೆತ್ ಸೊಸಿಸ್: ಸುಟ್ಟ ಹಂದಿಮಾಂಸದ ಸಾಸೇಜಿಗೆ ಗಲೆತ್ ಸುತ್ತಿದ್ದು. ಮಾಂಸ ತಿನ್ನುವವರಿಗೆ ಇದು ಅಗ್ಗದ, ಹೊಟ್ಟೆ ತುಂಬುವ ತಿಂಡಿ.

ಪಟ್ಟಿ ಓದುವುದು, ಆರ್ಡರ್ ಹೇಳುವುದು

ಫ್ರಾನ್ಸಿನಲ್ಲಿ ತಿಂಡಿಗಳ ಪಟ್ಟಿಗೆ ‘ಕಾರ್ತ್’ ಎನ್ನುತ್ತಾರೆ. ‘ಮೆನ್ಯು’ ಅಥವಾ ‘ಫಾರ್ಮ್ಯೂಲ್’ ಎಂದರೆ ಒಂದೇ ಬೆಲೆಗೆ ಸಿಗುವ ಪೂರ್ತಿ ಊಟ. ಕ್ರೆಪರಿಯಲ್ಲಿ ಮಧ್ಯಾಹ್ನ ಸಾಮಾನ್ಯವಾಗಿ ಒಂದು ಗಲೆತ್, ಒಂದು ಸರಳ ಸಿಹಿ ಕ್ರೆಪ್, ಒಂದು ಬಟ್ಟಲು ಸೈಡರ್ ಸೇರಿ ಹೀಗೆ ಇರುತ್ತದೆ. ಬೇರೆ ಬೇರೆಯಾಗಿ ಕೊಳ್ಳುವುದಕ್ಕಿಂತ ಅಗ್ಗ.

ಗಲೆತ್‌ಗಳಲ್ಲಿ ಎಲ್ಲ ಕಡೆ ಸಿಗುವುದು ‘ಕೊಂಪ್ಲೆತ್’. ಮೊಟ್ಟೆ, ಚೀಸ್, ಹ್ಯಾಮ್ ಮೂರೂ ಇರುತ್ತವೆ. ಹ್ಯಾಮ್ ಅಂದರೆ ಹಂದಿಮಾಂಸ. ಬೆಲೆ ಸಾಮಾನ್ಯವಾಗಿ ಹತ್ತು ಯುರೋ ಆಸುಪಾಸು. ಮೊಟ್ಟೆ ಹೇಗೆ ಬೇಕು ಎಂದು ಕೇಳಬಹುದು: ‘ಮಿರ್ವಾರ್’ ಎಂದರೆ ಭಂಡಾರ ಒಡೆಯದೆ, ‘ಬ್ರೂಯೆ’ ಎಂದರೆ ಕದಡಿ. ಸಿಹಿಯಲ್ಲಿ ‘ಬೋರ್ ಸುಕ್ರ್’ ಬೆಣ್ಣೆ ಸಕ್ಕರೆಯದು, ‘ಸಿಟ್ರೋಂ’ ನಿಂಬೆಯದು, ‘ಕೊಂಫಿತ್ಯೂರ್’ ಜಾಮಿನದು. ‘ಸುಜೆತ್’ ಎಂದರೆ ಕಿತ್ತಳೆ ರಸ, ಬೆಣ್ಣೆ, ಕಿತ್ತಳೆಯ ಮದ್ಯ ಹಾಕಿದ್ದು. ‘ಫ್ಲಾಂಬೆ’ ಎಂದು ಬರೆದಿದ್ದರೆ ಮದ್ಯ ಸುರಿದು ಬೆಂಕಿ ಹಚ್ಚಿ ತರುತ್ತಾರೆ. ಉರಿದ ಮೇಲೂ ಸ್ವಲ್ಪ ಮದ್ಯ ಉಳಿದಿರುತ್ತದೆ, ಮಕ್ಕಳಿಗೆ ಬೇಡ.

ಸಿಹಿಯಲ್ಲಿ ನನ್ನ ಮಾತು ಕೇಳುವುದಾದರೆ ಮೊದಲ ಸಲ ಸರಳವಾದದ್ದನ್ನೇ ತಿನ್ನಿ. ಚಾಕೊಲೇಟು, ಕೆನೆ, ಬಾಳೆಹಣ್ಣು ಎಲ್ಲ ತುಂಬಿದರೆ ಕ್ರೆಪ್‌ನ ರುಚಿ ಅದರಡಿಯಲ್ಲಿ ಹೂತುಹೋಗುತ್ತದೆ.

ಒಬ್ಬೊಬ್ಬರು ಒಂದೊಂದು ಗಲೆತ್ ತೆಗೆದುಕೊಳ್ಳುವುದು ಅಲ್ಲಿನ ರೂಢಿ. ನಮ್ಮ ಬೈಟು ಲೆಕ್ಕ ಊಟದಲ್ಲಿ ನಡೆಯುವುದಿಲ್ಲ. ಸಿಹಿಯನ್ನು ಹಂಚಿಕೊಂಡರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ತಿನ್ನುವುದು ಚಾಕು, ಫೋರ್ಕಿನಿಂದ. ಬೀದಿ ಬದಿಯ ಗಾಡಿಯಲ್ಲಿ ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ಮಾತ್ರ ಕೈಯಲ್ಲಿ ಹಿಡಿದು ತಿನ್ನುತ್ತಾರೆ. ಗಲೆತ್‌ನ ಗರಿ ಅಂಚಿನಿಂದ ಶುರುಮಾಡಿ ನಡುವಿನ ಭಂಡಾರವನ್ನು ಒಡೆದು, ಒಂದೊಂದು ತುಂಡನ್ನೂ ಅದರಲ್ಲಿ ಅದ್ದಿ ತಿನ್ನಿ. ಆರಲು ಬಿಟ್ಟರೆ ಮೆತ್ತಗಾಗುತ್ತದೆ.

ಸಸ್ಯಾಹಾರಿಗಳು ಕೇಳಲೇಬೇಕಾದ ಮಾತು

ಕ್ರೆಪರಿಯಲ್ಲಿ ಸಸ್ಯಾಹಾರಿಗೆ ಊಟ ಸಿಗುತ್ತದೆ. ಫ್ರಾನ್ಸಿನ ಬೇರೆ ಎಷ್ಟೋ ಹೋಟೆಲುಗಳಿಗಿಂತ ಇಲ್ಲಿ ಸುಲಭ, ಯಾಕೆಂದರೆ ಪ್ರತಿ ಗಲೆತ್ತನ್ನೂ ಕೇಳಿದ ಮೇಲೆ ತುಂಬಿಸುತ್ತಾರೆ. ಆದರೂ ನಾಲ್ಕು ಕಡೆ ಎಚ್ಚರ ಬೇಕು.

ಮೊದಲನೆಯದು ಹೆಸರು. ‘ಫೊರೆಸ್ತಿಯೇರ್’ ಎಂದರೆ ಅಣಬೆಯದು ಎಂದು ಖುಷಿಯಾಗುತ್ತದೆ. ಅದರಲ್ಲಿ ಹಂದಿಮಾಂಸದ ತುಣುಕು, ಅಂದರೆ ‘ಲಾರ್ದೋಂ’, ಇರುವುದು ಮಾಮೂಲಿ. ‘ಆಂದೂಯ್’ ಎಂದರೆ ಹಂದಿಯ ಕರುಳಿನ ಸಾಸೇಜು. ‘ಸೆಂ ಜಾಕ್’ ಸಮುದ್ರದ ಚಿಪ್ಪಿನ ಮಾಂಸ. ‘ಎಪಿನಾರ್’ ಪಾಲಕ್, ‘ಶಾಂಪಿನ್ಯೋಂ’ ಅಣಬೆ, ‘ಶೆವ್ರ್’ ಮೇಕೆ ಹಾಲಿನ ಚೀಸ್, ‘ಮಿಯೆಲ್’ ಜೇನು. ಮೇಕೆ ಚೀಸಿಗೆ ಜೇನು ಹಾಕಿದ ಗಲೆತ್ ತುಂಬಾ ಕಡೆ ಸಿಗುತ್ತದೆ, ರುಚಿಯೂ ಚೆನ್ನ. ಹ್ಯಾಮ್ ಬೇಡ ಎನ್ನಲು ‘ಸಾಂ ಜಾಂಬೋಂ’ ಎಂದರೆ ಸಾಕು. ‘ಸಾಂ’ ಅಂದರೆ ಇಲ್ಲದೆ.

ಎರಡನೆಯದು ಮೊಟ್ಟೆ. ಸಿಹಿ ಕ್ರೆಪ್‌ನ ಹಿಟ್ಟಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ ಎಂದುಕೊಳ್ಳಿ. ಗಲೆತ್ ಹಿಟ್ಟಿನಲ್ಲಿ ಇರಬಹುದು, ಇಲ್ಲದಿರಬಹುದು. ಮೊಟ್ಟೆ ತಿನ್ನದವರು ಬಕ್‌ವೀಟಿನದರ ಮೇಲೆಯೇ ಬೆಣ್ಣೆ ಸಕ್ಕರೆ ಹಾಕಿಕೊಡಿ ಎಂದು ಕೇಳಬಹುದು. ಅದು ಅಲ್ಲಿಯವರೂ ತಿನ್ನುವ ತಿಂಡಿಯೇ.

ಮೂರನೆಯದು ಬಹಳ ಜನರಿಗೆ ಹೊಳೆಯದ ಸಂಗತಿ. ಬಿಲಿಗ್‌ಗೆ ಜಿಡ್ಡು ಸವರಲು ಹಿಂದಿನಿಂದಲೂ ಹಂದಿಕೊಬ್ಬು ಬಳಸುವ ಕ್ರಮ ಇದೆ. ಇದಕ್ಕೆ ‘ಸೆಂದೂ’ ಎನ್ನುತ್ತಾರೆ. ಈಗ ಎಣ್ಣೆ, ಬೆಣ್ಣೆ ಬಳಸುವವರೂ ಇದ್ದಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು, ಹಂದಿಮಾಂಸ ತಿನ್ನದವರು ಕೂರುವ ಮೊದಲೇ ಕೇಳುವುದು ಒಳ್ಳೆಯದು. ಇನ್ನು ಚೀಸ್. ಫ್ರಾನ್ಸಿನ ಹಲವು ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಮಗೆ ಅದು ಮುಖ್ಯವಾದರೆ ಚೀಸ್ ಬಿಟ್ಟು ತರಕಾರಿಯದು ಕೇಳಿ.

ಗ್ಲುಟೆನ್ ಆಗದವರಿಗೂ ಒಂದು ಮಾತು. ಬಕ್‌ವೀಟ್‌ನಲ್ಲಿ ಗ್ಲುಟೆನ್ ಇಲ್ಲ ನಿಜ. ಆದರೆ ಗಲೆತ್ ಹರಿದು ತುಂಡಾಗದಿರಲಿ ಎಂದು ಸ್ವಲ್ಪ ಗೋಧಿ ಬೆರೆಸುವವರಿದ್ದಾರೆ. ಒಂದೇ ಬಿಲಿಗ್ ಮೇಲೆ ಎರಡನ್ನೂ ಹಾಕುವವರೂ ಇದ್ದಾರೆ. ಪೂರ್ತಿ ಬಕ್‌ವೀಟೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಕೆಲವರಿಗೆ ಬಕ್‌ವೀಟೇ ಅಲರ್ಜಿ. ಯುರೋಪಿನ ಹೋಟೆಲುಗಳು ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಅದು ಸೇರಿಲ್ಲ. ಹಾಗಾಗಿ ನೀವೇ ಹೇಳಬೇಕು.

ಬಾಗಿಲಿನಿಂದ ಬಿಲ್ಲಿನವರೆಗೆ

ಒಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಎನ್ನಿ. ಸಂಜೆಯಾದರೆ ‘ಬೋಂಸ್ವಾರ್’. ಅದನ್ನು ಹೇಳದೆ ನೇರ ಮಾತಿಗಿಳಿದರೆ ಅಲ್ಲಿಯವರಿಗೆ ಒರಟು ಎನ್ನಿಸುತ್ತದೆ. ಖಾಲಿ ಮೇಜು ಕಂಡರೂ ಹೋಗಿ ಕೂರಬೇಡಿ, ಎಷ್ಟು ಜನ ಎಂದು ಹೇಳಿ ಕಾಯಿರಿ. ಊಟದ ಹೊತ್ತು ಮಧ್ಯಾಹ್ನ 12ರಿಂದ 2, ರಾತ್ರಿ 7ರ ನಂತರ. ನಡುವೆ ಚಿಕ್ಕ ಜಾಗಗಳು ಮುಚ್ಚಿರುವುದೇ ಹೆಚ್ಚು.

ನೀರಿನ ಬಾಟಲಿಗೆ ದುಡ್ಡು. ‘ಯೂನ್ ಕರಾಫ್ ದೋ’ ಎಂದು ಕೇಳಿದರೆ ನಲ್ಲಿ ನೀರನ್ನು ಹೂಜಿಯಲ್ಲಿ ಬಿಟ್ಟಿಯಾಗಿ ತಂದಿಡುತ್ತಾರೆ. ಕುಡಿಯಲು ಯೋಗ್ಯವಾದ ನೀರೇ. ಇದು ಉಪಕಾರವಲ್ಲ, ನಿಯಮ. ಹೀಗೆ ನೀರು ಸಿಗುತ್ತದೆ ಎಂದು ಕಾಣುವಂತೆ ತಿಳಿಸಬೇಕು ಎಂಬ ಕಾನೂನೂ 2022ರಿಂದ ಜಾರಿಯಲ್ಲಿದೆ.

ಊಟ ಮುಗಿದರೂ ಬಿಲ್ ಬರುವುದಿಲ್ಲ. ಮರೆತಿದ್ದಾರೆ ಅಂತಲ್ಲ. ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗಿ ಎಂದಂತೆ ಆಗುತ್ತದೆ ಎಂದು ತರುವುದಿಲ್ಲ. ‘ಲಾದಿಸ್ಯೋಂ, ಸಿಲ್ ವು ಪ್ಲೆ’ ಎಂದು ಕೇಳಿ. ಪಟ್ಟಿಯಲ್ಲಿ ಬರೆದ ಬೆಲೆಯಲ್ಲೇ ತೆರಿಗೆ, ಸೇವಾ ಶುಲ್ಕ ಎರಡೂ ಸೇರಿರುತ್ತವೆ. ಟಿಪ್ಸ್ ಕಡ್ಡಾಯವಿಲ್ಲ. ಊಟ ಹಿಡಿಸಿದರೆ ಒಂದೆರಡು ಯುರೋ ಚಿಲ್ಲರೆ ಮೇಜಿನ ಮೇಲೆ ಬಿಟ್ಟು ಬರುತ್ತಾರೆ.

ಊರಿಗೆ ಬಂದ ಮೇಲೆ ಮಾಡಿ ನೋಡುವವರಿಗೆ

ಕುಟ್ಟು ಹಿಟ್ಟು ನಮ್ಮಲ್ಲೂ ದೊಡ್ಡ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಬ್ರಿಟನಿಯ ಸಾಮಾನ್ಯ ಅಳತೆ ಇದು: 330 ಗ್ರಾಂ ಹಿಟ್ಟು, 10 ಗ್ರಾಂ ಕಲ್ಲುಪ್ಪು, 750 ಮಿಲಿಲೀಟರ್ ನೀರು. ಬೇಕಿದ್ದರೆ ಒಂದು ಮೊಟ್ಟೆ. ನೀರನ್ನು ಒಟ್ಟಿಗೇ ಸುರಿಯಬೇಡಿ. ಮೊದಲು ಸ್ವಲ್ಪ ಹಾಕಿ ಗಂಟಿಲ್ಲದಂತೆ ಚೆನ್ನಾಗಿ ಬಡಿದು, ಆಮೇಲೆ ಉಳಿದದ್ದು. ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ಬೆಂಗಳೂರಿನ ಬೇಸಿಗೆಯಲ್ಲಿ ಹೊರಗಿಟ್ಟರೆ ಹುಳಿ ಬಂದುಬಿಡುತ್ತದೆ. ಪಳಗಿದ ಕಬ್ಬಿಣದ ದೋಸೆ ಕಾವಲಿ ಸಾಕು, ರೊಜೆಲ್ ಇಲ್ಲದಿದ್ದರೆ ಹಿಟ್ಟು ಹಾಕಿದ ಕೂಡಲೇ ಕಾವಲಿಯನ್ನೇ ಎತ್ತಿ ಸುತ್ತ ಓಲಿಸಿ. ಅಂಚು ತಾನಾಗಿ ಏಳುವ ತನಕ ಸಟ್ಟುಗ ಹಾಕಬೇಡಿ, ಹರಿಯುತ್ತದೆ.

ಹಿಟ್ಟು ಕೊಳ್ಳುವಾಗ ಮಾತ್ರ ಪ್ಯಾಕೆಟ್ ಮೇಲಿನ ದಿನಾಂಕ ನೋಡಿ. ಬಕ್‌ವೀಟ್ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ಹಳೆಯ ಕುಟ್ಟು ಹಿಟ್ಟು ತಿಂದು ಜನ ಆಸ್ಪತ್ರೆ ಸೇರಿದ ಸುದ್ದಿ ನವರಾತ್ರಿಯ ಹೊತ್ತಿಗೆ ಉತ್ತರ ಭಾರತದಿಂದ ಬರುತ್ತಿರುತ್ತದೆ. ಚಿಕ್ಕ ಪ್ಯಾಕೆಟ್ ತನ್ನಿ, ಒಡೆದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಮಾಡಿದ ಗಲೆತ್ ಮಿಕ್ಕರೆ ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿ ಎತ್ತಿಡಬಹುದು. ಮಾರನೇ ದಿನ ಬ್ರಿಟನಿಯವರು ಅದನ್ನು ಉಪ್ಪಿನ ಬೆಣ್ಣೆಯಲ್ಲಿ ಎರಡೂ ಕಡೆ ಗರಿಗರಿಯಾಗಿ ಹುರಿದು ತಿನ್ನುತ್ತಾರೆ.